ಇವರಿಗೆ ಓದಿ ಹೇಳಬೇಕು

"ಗುರುಗಳೇ, ಪುಸ್ತಕಗಳನ್ನು ಮೊಬೈಲಿನಲ್ಲೇ ಕೊಂಡು ಓದಲೇ, ಅಚ್ಚಿನವನ್ನೇ ಕೊಳ್ಳಲೇ? ಅಚ್ಚಿನದಾದರೆ ಓದಿದ ಮೇಲೆ ಯಾರಿಗಾದರೂ ಕೊಟ್ಟುಬಿಡಬಹುದು. ಮೊಬೈಲಿನದಾದರೆ ಮನೆಯಲ್ಲಿ ಜಾಗವೇ ಬೇಡ" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ದಿನಸಿ ಅಂಗಡಿಯವನು. ಅವನ ಹೆಂಡತಿಗೆ ಓದುವ ಹುಚ್ಚು. ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದಳೆಂದರೆ, ಹಾಲು ಉಕ್ಕಿ ಚೆಲ್ಲಿದ ಮೇಲೇ ಅವಳಿಗೆ ಎಚ್ಚರ. ಏನು ಓದುತ್ತಿದ್ದೀಯೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ನಮ್ಮ ನಿಮ್ಮ ಹಾಗೆಯೇ, ನಾಳೆ ಕೇಳಿದರಾಯಿತು ಎಂದುಕೊಂಡಿದ್ದ. ಅವಳು ತೀರಿಕೊಂಡಳು. ಕಪಾಟು ನೋಡಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು. ಪುಸ್ತಕಗಳನ್ನೆಲ್ಲ ಊರ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟ.

ಎರಡು ವರ್ಷದ ಮೇಲೆ ಅಂಗಡಿಗೆ ಬಂದ ಹೆಂಗಸೊಬ್ಬಳು ಬೇಳೆ ಕಟ್ಟಿಸಿಕೊಂಡು ಹೇಳಿದಳು: "ನಿಮ್ಮ ಮನೆಯವರ ಹೆಸರಿದ್ದ ಪುಸ್ತಕವೊಂದನ್ನು ಗ್ರಂಥಾಲಯದಿಂದ ತಂದು ಓದಿದೆ. ಒಂದು ಪುಟದ ಅಂಚಿನಲ್ಲಿ 'ಇದನ್ನು ಇವರಿಗೆ ಓದಿ ಹೇಳಬೇಕು' ಅಂತ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಓದಿ ಹೇಳಿದ್ದರಾ?"

ಅವನು ಪುಸ್ತಕದ ಹೆಸರು ಕೇಳಿ ಬರೆದುಕೊಂಡ. ಯಾವ ಪುಟವೆಂದು ಅವಳಿಗೆ ನೆನಪಿರಲಿಲ್ಲ.

ಗ್ರಂಥಾಲಯಕ್ಕೆ ಓಡಿದ. ಪುಸ್ತಕ ಆಗಲೇ ಬೇರೆಯವರ ಕೈ ಸೇರಿತ್ತು. ಕಾಯಲಾಗದೆ ಅದನ್ನೇ ಮೊಬೈಲಿನಲ್ಲಿ ಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದ. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಅಂಚು ಮಾತ್ರ ಬೋಳು. ಹೊಳೆಯ ವರ್ಣನೆ ಬಂದರೆ ಇದೇ ಇರಬೇಕೆಂದುಕೊಂಡ. ಸಾವಿನ ಮಾತು ಬಂದಾಗ ಇದೇ ಎಂದು ಅತ್ತ.

ತಿಂಗಳ ಮೇಲೆ ಪುಸ್ತಕ ಕೈಗೆ ಬಂತು. ನಿಂತಲ್ಲೇ ಹುಡುಕಿದ. ಅವಳು ಗುರುತು ಹಾಕಿದ್ದು ಒಂದು ನಗೆಮಾತಿಗೆ. ಕತೆಯೊಳಗಿನ ಅಂಗಡಿಯವನೊಬ್ಬ ಜೀರಿಗೆ ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದನಂತೆ, ಎಲ್ಲಿ ಎರಡು ಕಾಳು ಹಾರಿಹೋಗುತ್ತವೋ ಎಂದು. ತಾನೂ ಹಾಗೆಯೇ ಮಾಡುತ್ತೇನೆಂದು ವರ್ತಕನಿಗೆ ಆಗ ಹೊಳೆಯಿತು. ನಕ್ಕ. ಜೊತೆಗೆ ನಗಬೇಕಾದವಳು ಇರಲಿಲ್ಲ.

"ಬೇಕಾದರೆ ನೀವೇ ಇಟ್ಟುಕೊಳ್ಳಿ, ಯಜಮಾನರೇ" ಎಂದ ಗ್ರಂಥಪಾಲಕ.

"ನನ್ನ ಮನೆಯಲ್ಲೇ ಮೂವತ್ತು ವರ್ಷ ಇತ್ತು, ನಾನು ತೆರೆಯಲೇ ಇಲ್ಲ. ನಾಲ್ಕು ಜನ ಓದಿದ್ದಕ್ಕೆ ಇವತ್ತು ನನಗೆ ಸಿಕ್ಕಿತು. ಇಲ್ಲೇ ಇರಲಿ, ನಾನೇ ಬಂದು ನೋಡಿಕೊಂಡು ಹೋಗುತ್ತೇನೆ" ಎಂದ ವರ್ತಕ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ನಾನು ಯಾವುದನ್ನು ಕೊಳ್ಳಲಿ?" ಎಂದು ಮತ್ತೆ ಕೇಳಿದ.

"ನೀನು ಹೋದ ಮೇಲೆ ನಿನ್ನವರು ನಿನ್ನನ್ನು ಯಾವುದರಲ್ಲಿ ಹುಡುಕಬೇಕೋ, ಅದನ್ನು ಕೊಂಡುಕೋ."