ಕಾಗೆಬಂಗಾರದ ಬಾಗಿಲು, ಕಾಣದ ನೂಲು

ಲೋಕ ಆಗಷ್ಟೇ ಹುಟ್ಟಿತ್ತು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ, ಹಾರುವ ಹಕ್ಕಿಗಳ ರೆಕ್ಕೆಗೆ ಅಂಟುತ್ತಿತ್ತು. ಮಿಂಚುಳ್ಳಿ ನೀಲಿಯಾದದ್ದು ಹಾಗೇ. ಇರಲಿ, ಅದು ಬೇರೆ ಕಥೆ.

ಆ ಕಾಲದಲ್ಲಿ ಬಂಡೆಯ ಬಿರುಕೊಂದರಲ್ಲಿ ಲೋಚವ್ವ ಎಂಬ ಹಲ್ಲಿ ಇದ್ದಳು. ಅವಳಿಗೊಬ್ಬಳೇ ಮಗಳು, ಚಿಣ್ಣಿ. ಕಣ್ಣು ದೊಡ್ಡದು, ಬಾಲ ಗಿಡ್ಡದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಲೋಚವ್ವನಿಗೆ ಮಗಳೆಂದರೆ ಪ್ರಾಣ.

ಆದರೆ ಚಿಣ್ಣಿಯ ಮೂಳೆ ಮೆತ್ತಗಿತ್ತು. ಬಂಡೆ ಹತ್ತಲು ಹೋದರೆ ಕಾಲು ನಡುಗಿ ಜಾರುತ್ತಿತ್ತು. ನುಸಿ ಮೂಗಿನ ಮುಂದೆಯೇ ಹಾರಿದರೂ ಹಿಡಿಯಲು ಆಗುತ್ತಿರಲಿಲ್ಲ. ದಿನದಿನಕ್ಕೆ ಸೊರಗುವ ಮಗಳನ್ನು ನೋಡಿ, ಇವಳು ಉಳಿಯುತ್ತಾಳೋ ಇಲ್ಲವೋ ಎಂದು ಲೋಚವ್ವ ಕಂಡಕಂಡವರನ್ನೆಲ್ಲ ಮದ್ದು ಕೇಳುತ್ತಿದ್ದಳು.

“ಕತ್ತಲಲ್ಲಿ ಬೆಳೆದ ಮಗು ಕಣಮ್ಮ, ಬೆಳಕು ತೋರಿಸು,” ಅಂದಿತು ಗಾಳಿ.

ಲೋಚವ್ವ ಮಿಂಚುಹುಳವನ್ನು ಕರೆತಂದಳು. ಅದು ಮಿಣಮಿಣ ಮಿನುಗಿತು. ಬಿರುಕು ಚೆಂದ ಕಂಡಿತು, ಮೂಳೆ ಮಾತ್ರ ಮೆತ್ತಗೇ ಇತ್ತು. ಕೆಂಡವನ್ನು ಕರೆತಂದಳು. ಅದು ನಿಗಿನಿಗಿ ಉರಿಯಿತು. ಹೊಟ್ಟೆ ಬೆಚ್ಚಗಾಯಿತು, ಮೂಳೆ ಮಾತ್ರ ಮೆತ್ತಗೇ ಇತ್ತು.

ಕೊನೆಗೆ ಲೋಚವ್ವ ಬಂಡೆಯ ನೆತ್ತಿ ಹತ್ತಿ ಸೂರ್ಯನನ್ನೇ ಕೂಗಿದಳು.

“ನನ್ನ ಹತ್ತಿರ ಮೂರು ಬಗೆಯ ನೂಲಿದೆ ತಾಯಿ,” ಅಂದ ಸೂರ್ಯ. “ಒಂದು ಕಣ್ಣಿಗೆ ಕಾಣುವ ನೂಲು. ಒಂದು ಮೈಗೆ ತಾಗುವ ಬಿಸಿ ನೂಲು. ಇನ್ನೊಂದು ಕಾಣದ ನೂಲು. ಮೂಳೆ ಹೆಣೆಯುವುದು ಅದೇ. ನಾಳೆಯಿಂದ ಕಳಿಸುತ್ತೇನೆ, ಮಗುವನ್ನು ಎಳೆಬಿಸಿಲಿಗೆ ಮಲಗಿಸು.”

ಲೋಚವ್ವನಿಗೆ ಖುಷಿಯೂ ಆಯಿತು, ಭಯವೂ ಆಯಿತು. ಹಲ್ಲಿಮರಿ ಕಂಡರೆ ಎತ್ತಿಕೊಂಡು ಹೋಗಲು ಹೊರಗೆ ಒಂದು ಕಾಗೆ ಕಾದು ಕೂತಿತ್ತಲ್ಲ! ಅವಳು ಒಂದು ಉಪಾಯ ಮಾಡಿದಳು. ಬಂಡೆಯ ಸಂದಿಯಲ್ಲಿ ಸಿಗುವ ಕಾಗೆಬಂಗಾರದ ಹಾಳೆಯನ್ನು, ಅದೇ ಆ ಆಚೆಬದಿ ಕಾಣುವ ಹೊಳಪು ಕಲ್ಲನ್ನು, ಬಾಗಿಲಿಗೆ ಅಡ್ಡ ಇಟ್ಟಳು. ಬೆಳಕು ಬಂತು. ಬಿಸಿಯೂ ಬಂತು. ಚಿಣ್ಣಿ ದಿನವೂ ಅದರ ಹಿಂದೆ ಮೈಚಾಚಿ ಮಲಗಿದಳು. ಮೂಳೆ ಮಾತ್ರ ಮೆತ್ತಗೇ ಇತ್ತು.

ಒಂದು ಬೆಳಿಗ್ಗೆ ಚಿಣ್ಣಿಗೆ ತಲೆ ಎತ್ತಲೂ ಆಗಲಿಲ್ಲ. ಲೋಚವ್ವ ಅಳುತ್ತಾ ಹೊರಗೋಡಿದಳು.

“ಮಾತು ಕೊಟ್ಟು ಕೈಕೊಟ್ಟೆಯಲ್ಲಾ! ನಿನ್ನ ನೂಲು ನನ್ನ ಮಗಳಿಗೆ ಮುಟ್ಟಲೇ ಇಲ್ಲ!”

“ಮುಟ್ಟಲಿಲ್ಲವಾ?” ಸೂರ್ಯ ಗಾಬರಿಯಿಂದ ಬಗ್ಗಿ ನೋಡಿದ. “ಅಯ್ಯೋ ತಾಯಿ, ಕಾಗೆಗೆ ಹಾಕಿದ ಬಾಗಿಲು ನನಗೂ ಬಿತ್ತಲ್ಲ! ನನ್ನ ಕಾಣದ ನೂಲೆಲ್ಲ ಆ ಹಾಳೆಯಲ್ಲೇ ಸಿಕ್ಕಿಕೊಂಡಿದೆ.”

ಲೋಚವ್ವ ತಲೆ ತಲೆ ಚಚ್ಚಿಕೊಂಡಳು. ಬಾಗಿಲು ತೆಗೆದರೆ ಕಾಗೆ, ಹಾಕಿದರೆ ಕಾಯಿಲೆ. ಏನು ಮಾಡುವುದು?

ಪಕ್ಕದ ಮರದಲ್ಲಿ ಗೂಡು ಹೆಣೆಯುತ್ತಿದ್ದ ಗೀಜಗ ಇದನ್ನೆಲ್ಲ ಕೇಳಿಸಿಕೊಂಡಿತು. “ಅಷ್ಟಕ್ಕೆ ಯಾಕೆ ಅಳ್ತೀಯಾ? ನಾನಿಲ್ವಾ?” ಅಂದು ಕೊಕ್ಕಿನಲ್ಲಿ ನಾರು ಹಿಡಿದು ಬಂತು. ಕಾಗೆಬಂಗಾರ ತೆಗೆಸಿ, ಆ ಜಾಗದಲ್ಲಿ ಜಾಲರಿ ಹೆಣೆಯಿತು. ಕಾಗೆಯ ಕೊಕ್ಕು ತೂರದಷ್ಟು ಬಿಗಿ, ಸೂರ್ಯನ ನೂಲು ತೂರುವಷ್ಟು ಸಡಿಲ.

“ಒಂದು ಮಾತು,” ಅಂದ ಸೂರ್ಯ. “ಅತಿಯಾದರೆ ಅಮೃತವೂ ವಿಷ. ಮಗುವನ್ನು ನನಗೆ ತೀರಾ ಹತ್ತಿರ ತರಬೇಡ, ಕಣ್ಣು ಉರಿದೀತು. ಒಂದು ಕಡೆ ಬಿಸಿಲಿರಲಿ, ಒಂದು ಕಡೆ ನೆರಳಿರಲಿ. ಸಾಕೆನಿಸಿದಾಗ ಮಗುವೇ ನೆರಳಿಗೆ ಸರಿದುಕೊಳ್ಳುತ್ತದೆ.”

ಹಾಗೇ ಮಾಡಿದರು. ಮೊದಲು ಚಿಣ್ಣಿ ತಲೆ ಎತ್ತಿದಳು. ಆಮೇಲೆ ಒಂದೊಂದೇ ಕಾಲು ಊರಿದಳು. ಮಳೆ ಶುರುವಾಗುವ ಹೊತ್ತಿಗೆ ಬಂಡೆಯನ್ನು ಸರಸರ ಹತ್ತಿ, ತಲೆಕೆಳಗಾಗಿ ನಿಂತು, ಒಂದು ನುಸಿಯನ್ನು ಗುಳುಂ ಮಾಡಿದಳು. ಲೋಚವ್ವ ನಗುತ್ತಲೇ ಅತ್ತಳು.

“ನೂಲು ಮುಟ್ಟಿತಾ ಮಗಳೇ?” ಮೋಡದ ಸಂದಿಯಿಂದ ಸೂರ್ಯ ಕೇಳಿದ.

ಚಿಣ್ಣಿಯ ಬಾಯಲ್ಲಿ ನುಸಿ ಇತ್ತು. ಮಾತಾಡಲು ಆಗಲಿಲ್ಲ. “ಲೊಚ್!” ಅಂದಳು. ಮುಟ್ಟಿತು, ಸತ್ಯವಾಗಿ ಮುಟ್ಟಿತು ಎಂದು ಅದರ ಅರ್ಥ.

ಅದಕ್ಕೇ ಮಗು, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ಇವತ್ತಿಗೂ ನೆಲಕ್ಕೆ ಬೆರಳು ಕುಟ್ಟಿ “ಸತ್ಯ, ಸತ್ಯ” ಅನ್ನುವುದು. ಅದಕ್ಕೇ ನೀನು ಸಾಕಿದ ಚುಕ್ಕಿಹಲ್ಲಿಯ ಗಾಜಿನ ಮನೆಗೆ ಅಪ್ಪ ಕಾಣದ ನೂಲು ಬಿಡುವ ಯುವಿಬಿ ದೀಪವನ್ನು ಗಾಜಿನ ಆಚೆ ಇಡದೆ, ಮೇಲಿನ ಜಾಲರಿಯ ಮೇಲೆ ಇಟ್ಟು, ಒಂದು ಮೂಲೆಯಲ್ಲಿ ನೆರಳಿಗೆಂದು ಓಡು ಕವಿಚಿದ್ದು. ಅದರ ಕೆಳಗಿನಿಂದ ದಿನವೂ ಬೆಳಿಗ್ಗೆ ಮೂತಿ ಹೊರಹಾಕಿ ನೋಡುತ್ತದಲ್ಲ ನಿನ್ನ ಹಲ್ಲಿ, ಅದು ಕಾಣದ ನೂಲು ಬಂತಾ ಎಂದು ನೋಡುವುದು.