ದೊಡ್ಡಿ ಬಾಗಿಲಿನ ಜಿಗಿತ

ಆ ದೊಡ್ಡಿಯ ಕುರಿಗಳು ಸಂಜೆ ಬಾಗಿಲಿಗೆ ಬಂದವೆಂದರೆ ಮೊಳದೆತ್ತರ ಜಿಗಿದೇ ಒಳಗೆ ಹೋಗಬೇಕು. ಜಿಗಿಯದವರಿಗೆ ಜಾಗವಿಲ್ಲ ಎಂದು ಮುಂದಾಳು ಟಗರಿನ ಕಟ್ಟಪ್ಪಣೆ. ಮುದಿ ಕುರಿ ಕರಿಯವ್ವನಿಗೆ ಅಂದು ಮಂಡಿ ಹಿಡಿದುಕೊಂಡಿತ್ತು. ಅವಳು ಹೊರಗೇ ನಿಂತಳು. ಗುಡ್ಡದ ಕಡೆ ತೋಳ ಊಳಿಟ್ಟಿತು.

ಮೊಮ್ಮಗಳು ಚೂಟಿ ಜಿಗಿಯಲು ಹೋದವಳು ನಿಂತು ನೆಲ ಮೂಸಿದಳು. "ಅಜ್ಜೀ, ನಾವು ಜಿಗಿಯುವುದು ಏನನ್ನು ದಾಟಲಿಕ್ಕೆ?"

ಕರಿಯವ್ವನ ಮೆಲುಕು ನಿಂತಿತು. "ಇಲ್ಲಿ ಅಡ್ಡಲಾಗಿ ಒಂದು ಜಾಲಿಯ ಕೊಂಬೆಯಿತ್ತು ಮಗಾ. ನಾನು ನಿನ್ನಷ್ಟಿದ್ದಾಗ ಕುರಿಗಾಹಿ ಅದನ್ನು ಒಲೆಗೆ ತುರುಕಿ ಮುದ್ದೆ ಮಾಡಿಕೊಂಡು ಉಂಡ."

"ಹಾಗಾದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ಯಾರೂ ಕೇಳಲಿಲ್ಲ. ಮಂಡಿ ಗಟ್ಟಿಯಿರುವವರೆಗೆ ನನಗೂ ಅದರ ಯೋಚನೆ ಬರಲಿಲ್ಲ."

ಚೂಟಿ ಅಜ್ಜಿಯ ಪಕ್ಕೆಗೆ ಆತುಕೊಂಡು, ಒಂದೊಂದೇ ಹೆಜ್ಜೆ ಇಡಿಸುತ್ತಾ ಒಳಗೆ ನಡೆಸಿಕೊಂಡು ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಹಿಂದಿದ್ದವು ಕುರಿಗಳೇ ತಾನೆ? ಅವೂ ಸಾಲಾಗಿ ನಡೆದೇ ಬಂದವು.

ಟಗರು ಗಂಟಲು ಸರಿಮಾಡಿಕೊಂಡು, "ಬಾಗಿಲಲ್ಲಿ ನಡೆದು ಬರುವುದೇ ನಮ್ಮ ತಲೆತಲಾಂತರದ ಪದ್ಧತಿ" ಎಂದು ಸಾರಿತು.

ಕರಿಯವ್ವ ಮೊಮ್ಮಗಳನ್ನು ಪಕ್ಕಕ್ಕೆ ಕರೆದಳು. "ಕೂತುಕೋ. ಯಾರೂ ಕೇಳದೆ ಉಳಿದದ್ದು ಇನ್ನೂ ಬೇಕಾದಷ್ಟಿದೆ. ಒಂದೊಂದಾಗಿ ಕೇಳು."