ಮತದ ದಿನದ ದೋಣಿ

"ಗುರುಗಳೇ, ನಮ್ಮ ನ್ಯಾಯಕ್ಕೆ ಅಡ್ಡ ನಿಂತವನ ದಾರಿಗೆ ನಾವೂ ಅಡ್ಡ ನಿಲ್ಲಬಹುದೇ?" ಎಂದು ಶಿಷ್ಯ ಕೇಳಿದ. ಎಲ್ಲೋ ಜಗಳವಾಡಿಕೊಂಡು ಬಂದಿದ್ದ. ಉಸಿರು ಇನ್ನೂ ಜೋರಾಗಿತ್ತು.

"ಕೂತುಕೋ," ಎಂದರು ಗುರು. ಅವನು ಕೂತ ಮೇಲೆ ಹೇಳಿದರು.

ಅಮೆರಿಕದ ಒಂದು ರಾಜ್ಯದಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಆ ಹಗ್ಗ ಹಿಡಿದು ದೋಣಿಯನ್ನು ಎಳೆಯಬೇಕು. ಮೊದಲು ಗಂಡ ಎಳೆಯುತ್ತಿದ್ದ. ಒಂದು ದಿನ ಹಗ್ಗ ಹರಿಯಿತು, ಗಂಡ ಹೊಳೆಯಲ್ಲಿ ಕೊಚ್ಚಿಹೋದ. ಅವಳು ಹರಿದ ಹಗ್ಗವನ್ನು ಹೆಣೆದು ಸೇರಿಸಿ ತಾನೇ ದೋಣಿ ನಡೆಸತೊಡಗಿದಳು.

ಹೊಸ ಹಗ್ಗ ಹಾಕಿಸಿ ಎಂದು ಊರ ಸಮಿತಿಯವರನ್ನು ಕೇಳಿದಳು. ಸಮಿತಿಯನ್ನು ಆರಿಸುವವರು ಗಂಡಸರು. ಆ ರಾಜ್ಯದಲ್ಲಿ ಹೆಂಗಸರಿಗೆ ಮತ ಇರಲಿಲ್ಲ. "ಮಾತಾಡಲಿಕ್ಕೆ ಮನೆಯ ಗಂಡಸನ್ನು ಕಳಿಸಮ್ಮ," ಎಂದರು ಸಮಿತಿಯವರು. "ಇದ್ದ ಗಂಡಸು ಇದೇ ಹಗ್ಗದಿಂದ ಹೋದ," ಎಂದಳು. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷವೂ ಅದನ್ನೇ ಹೇಳಿದರು.

ಆ ಹೊತ್ತಿಗೆ ಹೆಂಗಸರಿಗೂ ಮತ ಬೇಕೆಂಬ ಚಳವಳಿ ಎದ್ದಿತ್ತು. ಊರ ಅಧ್ಯಾಪಿಕೆಯೊಬ್ಬಳು ಹೊಲಹೊಲ ತಿರುಗಿ ಮಾತಾಡುತ್ತಿದ್ದಳು. ಅಂಬಿಗಿತ್ತಿ ಅವಳನ್ನು ಪುಕ್ಕಟೆ ದಾಟಿಸುತ್ತಿದ್ದಳು. ತಾನೂ ಮಾತಾಡುತ್ತಿದ್ದಳು, ದೋಣಿ ನಡುಹೊಳೆಗೆ ಬಂದಾಗ. ಅಲ್ಲಿಂದ ಯಾರೂ ಎದ್ದು ಹೋಗುವಂತಿರಲಿಲ್ಲ.

ಕೊನೆಗೆ ಸರ್ಕಾರ ಒಪ್ಪಿತು. ಹೆಂಗಸರಿಗೆ ಮತ ಕೊಡಬಹುದೇ ಎಂದು ರಾಜ್ಯದ ಜನರನ್ನೇ ಕೇಳಿ ತೀರ್ಮಾನಿಸೋಣ ಎಂದಿತು. ಕೇಳಿದ್ದು ಗಂಡಸರನ್ನು. ಅಂಬಿಗಿತ್ತಿಯ ದಡದವರು ಮತ ಹಾಕುವ ಜಾಗ ಆಚೆ ದಡದಲ್ಲಿತ್ತು.

ಹಿಂದಿನ ದಿನ ಅಧ್ಯಾಪಿಕೆ ಬಂದಳು.

"ಅಕ್ಕಾ, ರಾಜ್ಯದಲ್ಲೆಲ್ಲ ಸಮಸಮ ಇದೆ. ನಮ್ಮ ಈ ದಡದವರು ಮಾತ್ರ ಹೆಚ್ಚುಕಮ್ಮಿ ಎಲ್ಲರೂ ನಮ್ಮ ವಿರುದ್ಧ. ನಾಳೆ ಹಗ್ಗ ಕೆಟ್ಟಿದೆ, ದೋಣಿ ಇಲ್ಲ ಅಂದುಬಿಡಿ. ಸುಳ್ಳೇನೂ ಅಲ್ಲವಲ್ಲ."

"ಸುಳ್ಳಲ್ಲ," ಎಂದಳು ಅಂಬಿಗಿತ್ತಿ. "ನಿನ್ನೆಯೂ ಕೆಟ್ಟೇ ಇತ್ತು. ನಿನ್ನೆ ದಾಟಿಸಿದೆ."

"ಒಂದೇ ದಿನ, ಅಕ್ಕಾ."

ಅವಳು ದೋಣಿಯನ್ನು ಗೂಟಕ್ಕೆ ಕಟ್ಟಿದಳು. ಒಪ್ಪಿದಳೆಂದುಕೊಂಡು ಅಧ್ಯಾಪಿಕೆ ಹೋದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು ಸಾರಾಯಿ ಅಂಗಡಿಯವನು. ಹೆಂಗಸರ ಕೈಗೆ ಮತ ಬಂದರೆ ಊರಲ್ಲಿ ಮೊದಲು ಮುಚ್ಚುವುದು ತನ್ನ ಬಾಗಿಲು ಎಂದು ಅವನಿಗೆ ಗೊತ್ತಿತ್ತು. ಅವನ ಹಿಂದೆ ಹತ್ತಾರು ಜನ ಇದ್ದರು.

"ಏನಮ್ಮಾ, ಇವತ್ತು ದೋಣಿ ಇದೆಯೋ, ಇಲ್ಲಾ ಅದಕ್ಕೂ ನೆಗಡಿಯೋ?"

"ಇದೆ. ಹತ್ತಿ."

"ನಾನು ಏನು ಮಾಡಲಿಕ್ಕೆ ಹೊರಟಿದ್ದೀನಿ ಅಂತ ಗೊತ್ತಲ್ಲ?"

"ಗೊತ್ತು. ನಡುವೆ ಕೂತ್ಕೊಳ್ಳಿ. ನೀವು ಅಂಚಿಗೆ ಕೂತರೆ ದೋಣಿ ಒಂದೇ ಕಡೆ ವಾಲುತ್ತೆ."

ಹಿಂದಿದ್ದವರು ನಕ್ಕರು. ಅವನು ನಡುವೆ ಕೂತ. ನಡುಹೊಳೆಗೆ ಬಂದಾಗ ಅವಳು ಎಂದಿನಂತೆ ತನ್ನ ಮಾತು ಹೇಳಿದಳು. ಅವರು ನೀರು ನೋಡುತ್ತ ಕೂತರು. ಹೀಗೆ ದಡದಲ್ಲಿದ್ದ ಗಂಡಸರನ್ನೆಲ್ಲ ದಾಟಿಸಿ, ಬರಿಯ ದೋಣಿಯೊಡನೆ ಈಚೆಗೆ ಬಂದಳು.

ಸಂಜೆ ಮತ ಎಣಿಸಿದರು. ಈ ದಡದವರು ಹೆಚ್ಚುಕಮ್ಮಿ ಎಲ್ಲರೂ ಬೇಡ ಎಂದಿದ್ದರು. ಮನೆಗೆ ಹೋಗಲು ಹೊಳೆಯ ಅಂಚಿಗೆ ಬಂದರು. ದೋಣಿ ಈಚೆ ದಡದಲ್ಲಿತ್ತು. ಆಚೆ ನಿಂತವರು ಕೂಗಬೇಕು, ಅಂಬಿಗಿತ್ತಿ ಹೋಗಬೇಕು. ಅಲ್ಲಿಯ ವಾಡಿಕೆ ಅದು.

ಯಾರೂ ಕೂಗಲಿಲ್ಲ.

"ನಿನ್ನ ಗಂಟಲು ದೊಡ್ಡದು, ಕೂಗು," ಎಂದ ಅಂಗಡಿಯವನು ಕಮ್ಮಾರನಿಗೆ.

"ನೀನೇ ಕೂಗಪ್ಪಾ. ಬೆಳಿಗ್ಗೆಯಿಂದ ನಿನ್ನ ಬಾಯೇ ನಡೀತಿತ್ತಲ್ಲ," ಎಂದ ಕಮ್ಮಾರ.

ಗಾಳಿ ಎದ್ದಿತು. ಚಳಿಗೆ ಕೈ ಉಜ್ಜಿಕೊಂಡರು. ಒಬ್ಬ ಕೆಮ್ಮಿದ, ಆದರೆ ಕೂಗಲಿಲ್ಲ. ಅವಳು ಅವರನ್ನು ನೋಡಿದಳು. ಸ್ವಲ್ಪ ಹೊತ್ತು ಹಾಗೇ ನೋಡುತ್ತ ಕೂತಳು. ಅಷ್ಟು ಹಕ್ಕು ಅವಳಿಗೆ ಇತ್ತು. ಆಮೇಲೆ ಎದ್ದು ಹಗ್ಗ ಹಿಡಿದಳು.

ಬರುವಾಗ ನಡುಹೊಳೆಯಲ್ಲಿ ಅವಳು ತನ್ನ ಮಾತು ಎತ್ತದೆ ಹಗ್ಗ ಎಳೆದಳು. ದಡ ಮುಟ್ಟಿದ ಮೇಲೆ ಅಂಗಡಿಯವನು, "ನಾವು ಕೂಗಿರಲಿಲ್ಲ," ಎಂದ.

"ಇಲ್ಲ," ಎಂದಳು. "ಇಳೀರಿ, ಹಿಂದಿನವರು ಕಾಯ್ತಿದ್ದಾರೆ."

ಮೂರು ದಿನದಲ್ಲಿ ರಾಜ್ಯದ ಲೆಕ್ಕವೆಲ್ಲ ಬಂದಿತು. ಹೆಂಗಸರಿಗೆ ಮತ ಸಿಗಲಿಲ್ಲ. ಸೋತ ಅಂತರ ಆ ದಡದ ಗಂಡಸರ ಸಂಖ್ಯೆಗಿಂತ ಕಡಿಮೆಯಿತ್ತು. ಅಧ್ಯಾಪಿಕೆ ಆ ಚಳಿಗಾಲವಿಡೀ ಅವಳ ದೋಣಿ ಹತ್ತಲಿಲ್ಲ. ಸುತ್ತಿ ಬಳಸಿ, ಒಂದು ದಿನದ ದಾರಿ ದೂರವಿದ್ದ ಸೇತುವೆಯ ಮೇಲೆ ನಡೆದು ಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ಕೆಲವು ವರ್ಷ ಬಿಟ್ಟು ಮತ್ತೆ ಕೇಳಿದರು. ಆಗ ಸಿಕ್ಕಿತು."

"ಆ ಸಲ ಅಂಗಡಿಯವನೂ ಹೂಂ ಎಂದನೇ?"

"ಗೊತ್ತಿಲ್ಲ. ಮತ ಹಾಕುವುದು ಪರದೆಯ ಹಿಂದೆ."

"ಅಲ್ಲಿಯವರೆಗೂ ಅವಳಿಗೆ ಆ ಹಳೆಯ ಹಗ್ಗವೇ?"

"ಅದೇ ಹಗ್ಗ."

ಶಿಷ್ಯನಿಗೆ ತಡೆಯಲಾಗಲಿಲ್ಲ. "ಇದೇನು ನ್ಯಾಯ, ಗುರುಗಳೇ? ಅವಳ ಜೀವವೇ ಆ ಹಗ್ಗದ ಮೇಲಿತ್ತು. ಒಂದು ದಿನ ದೋಣಿ ಕಟ್ಟಿಹಾಕಿದ್ದರೆ ಅವತ್ತೇ ಗೆಲ್ಲುತ್ತಿದ್ದಳು."

"ಗೆಲ್ಲುತ್ತಿದ್ದಳು," ಎಂದರು ಗುರು, "ಆದರೆ ಆ ಸಂಜೆ ದಡದಲ್ಲಿ ನಾಚಿಕೆಗೆ ಬಾಯಿ ಬಾರದೆ ನಿಂತವಳು ಅವಳಾಗಿರುತ್ತಿದ್ದಳು."